ಗೇಟು ತೆಗೆಯೋರೇ ಇಲ್ಲದ ಡ್ಯಾಮು

ಇಂಟರ್ನಲ್ಸ್ ಮುಗಿದ ದಿನ ಎಲ್ಲ ಕ್ಲಾಸ್ ಗ್ರೂಪಲ್ಲೂ ಒಂದೇ ಮೆಸೇಜ್: "ಎಲ್ಲಿಗೆ ಹೋಗೋಣ?" ದೇವರಾಯನದುರ್ಗ ಎಲ್ಲರಿಗೂ ಬೋರಾಗಿದೆ. ಆಮೇಲೆ ಬರೋದು ನೀರಿರೋ ಜಾಗಗಳು. ತುಮಕೂರಿನ ಅಮಾನಿಕೆರೆ, ಗುಬ್ಬಿ ಕಡೆಯ ಕಡಬ ಕೆರೆ, ಕುಣಿಗಲ್ ದೊಡ್ಡಕೆರೆ, ಕೊನೆಗೆ ಮಾರ್ಕೋನಹಳ್ಳಿ ಡ್ಯಾಮ್. ಬೈಕ್ ಯಾರದ್ದು, ಟೆಂಟ್ ಯಾರ ಹತ್ರ ಇದೆ, ಪೆಟ್ರೋಲಿಗೆ ತಲಾ ಎಷ್ಟು, ಎಲ್ಲಾ ಲೆಕ್ಕ ಆಗುತ್ತೆ. ನೀರು ಎಷ್ಟಿದೆ, ಎಲ್ಲಿಂದ ಬರ್ತಿದೆ ಅಂತ ಮಾತ್ರ ಒಬ್ಬರೂ ಕೇಳಲ್ಲ.

ಹೋಗಬೇಡಿ ಅಂತ ಹೇಳೋಕೆ ಇದನ್ನ ಬರೀತಿಲ್ಲ. ಹಾಗೆ ಹೇಳೋರು ಮನೇಲೇ ಬೇಕಾದಷ್ಟು ಜನ ಇದ್ದಾರೆ. ಹೋಗೋ ಜಾಗ ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಂಡು ಹೋಗೋಣ ಅಂತ ಅಷ್ಟೇ. ಇಂಜಿನಿಯರಿಂಗ್ ಓದ್ತಿರೋ ನಾವೇ ಇದನ್ನ ಕೇಳದಿದ್ರೆ ಇನ್ಯಾರು ಕೇಳ್ತಾರೆ?

ಮಾರ್ಕೋನಹಳ್ಳಿಯನ್ನೇ ತಗೊಳ್ಳಿ. ಕುಣಿಗಲ್ ತಾಲ್ಲೂಕಲ್ಲಿ ಶಿಂಷಾ ನದಿಗೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಅಣೆಕಟ್ಟು. ಅದರ ಹೆಮ್ಮೆ ಅಂದ್ರೆ ಸ್ವಯಂಚಾಲಿತ ಸೈಫನ್. ಜಲಾಶಯ ತುಂಬಿದರೆ ಹೆಚ್ಚಿನ ನೀರು ತಾನಾಗಿಯೇ ಹೊರಗೆ ಹೋಗುತ್ತೆ. ಮೋಟರ್ ಬೇಡ, ಕರೆಂಟ್ ಬೇಡ, ಚಕ್ರ ತಿರುಗಿಸೋಕೆ ಮನುಷ್ಯನೂ ಬೇಡ. ಆ ಕಾಲಕ್ಕೆ ಇದು ಅದ್ಭುತ ಇಂಜಿನಿಯರಿಂಗ್, ಇವತ್ತಿಗೂ ಹೌದು.

ಆದರೆ ಅದು ಶುರುವಾಗೋ ರೀತಿ ನೋಡಿ. ನೀರು ಸೈಫನ್ ಒಳಗಿನ ಅಂಚನ್ನ ದಾಟಿದಾಗ ಮೊದಲು ಸ್ವಲ್ಪ ಸ್ವಲ್ಪ ಬೀಳುತ್ತೆ. ಬೀಳೋ ನೀರು ಒಳಗಿನ ಗಾಳಿಯನ್ನೂ ಎಳ್ಕೊಂಡು ಹೋಗುತ್ತೆ. ಗಾಳಿ ಖಾಲಿಯಾದ ಕೂಡಲೇ ಕೊಳವೆ ಪೂರ್ತಿ ತುಂಬಿ ಹರಿಯುತ್ತೆ. ಅಲ್ಲಿವರೆಗೆ ಹರಿವನ್ನ ತಳ್ಳುತ್ತಿದ್ದದ್ದು ಅಂಚಿನ ಮೇಲಿದ್ದ ಒಂದಿಷ್ಟು ನೀರು ಮಾತ್ರ. ಈಗ ಜಲಾಶಯದ ಮಟ್ಟಕ್ಕೂ ಸೈಫನ್ನಿನ ಕೆಳಗಿನ ಬಾಯಿಗೂ ಇರೋ ಇಡೀ ಎತ್ತರ ಕೆಲಸಕ್ಕೆ ಬರುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಪೇಪರಲ್ಲಿ ಬರ್ನೌಲಿ ಸಮೀಕರಣಕ್ಕೆ ಹತ್ತು ಮಾರ್ಕ್ಸ್ ತಗೊಂಡಿರೋರಿಗೆ ಇದರ ಅರ್ಥ ಗೊತ್ತು. ಹರಿವು ಏರಲ್ಲ, ಜಿಗಿಯುತ್ತೆ. ಕೆಳಗಡೆ ಮೊಣಕಾಲುದ್ದ ನೀರಲ್ಲಿ ಆಡ್ತಿರೋರಿಗೆ ಜಲಾಶಯದ ಮಟ್ಟ ಕಾಣಲ್ಲ.

ಕೆರೆ ಕೋಡಿ ಹೀಗಲ್ಲ. ಕೋಡಿ ಬೀಳೋದಕ್ಕೆ ವಾರ ಮುಂಚೆಯಿಂದಲೇ ಊರೆಲ್ಲಾ ಅದೇ ಮಾತು. "ಇನ್ನೊಂದು ಮಳೆ ಬಂದ್ರೆ ಆಯ್ತು" ಅಂತ ಏರಿ ಮೇಲೆ ಜನ ನಿಂತಿರ್ತಾರೆ, ಬಿದ್ದ ಮೇಲೆ ಬಾಗಿನ ಬಿಡ್ತಾರೆ. ನೀರು ಕಣ್ಣೆದುರೇ ಏರುತ್ತೆ.

ಇನ್ನೊಂದು ವಿಷಯ, ಮೋಡ ನೋಡಿ ಲೆಕ್ಕ ಹಾಕೋ ಹಾಗೂ ಇಲ್ಲ. ಶಿಂಷಾ ಹುಟ್ಟೋದು ದೇವರಾಯನದುರ್ಗದ ಬೆಟ್ಟದ ಕಡೆ. ಗುಬ್ಬಿ ತಾಲ್ಲೂಕಿನ ಕಡಬ ಕೆರೆ ಮೂಲಕ ಬಂದು ಕುಣಿಗಲ್ ತಾಲ್ಲೂಕು ಸೇರುತ್ತೆ. ಗುಬ್ಬಿಯಲ್ಲಿ ರಾತ್ರಿ ಸುರಿದ ಮಳೆ, ಮಾರ್ಕೋನಹಳ್ಳಿಯಲ್ಲಿ ಬಿಸಿಲು ಕಾಯ್ತಿರೋ ನಿಮ್ಮ ಹತ್ರ ಆಮೇಲೆ ಬರುತ್ತೆ.

2025ರ ಅಕ್ಟೋಬರಿನಲ್ಲಿ ಪಿಕ್‌ನಿಕ್‌ಗೆ ಬಂದಿದ್ದ ಒಂದೇ ಕುಟುಂಬದ ಹಲವರು ಅಲ್ಲಿ ಕೊಚ್ಚಿಹೋದರು. ಸೈಫನ್ ಶುರುವಾಗಿ ನೀರು ಏಕಾಏಕಿ ಹೆಚ್ಚಿತು ಅಂತ ವರದಿಯಾಯಿತು. ಸುದ್ದಿ ಕೆಳಗೆ ಜನ ಬರೆದಿದ್ದು ಎರಡೇ ಮಾತು. "ನೀರಿಗೆ ಯಾಕೆ ಇಳಿಬೇಕಿತ್ತು?" ಇಲ್ಲಾ "ಗೇಟ್ ತೆಗೆದವನನ್ನ ಹಿಡೀರಿ." ಎರಡೂ ನನಗೆ ಒಪ್ಪಿಗೆ ಇಲ್ಲ. ಕಾಲಡಿ ಮರಳು ಕಾಣೋ ನೀರಿಗೆ ಯಾರು ಬೇಕಾದ್ರೂ ಇಳೀತಾರೆ. ಗೇಟ್ ತೆಗೆದವನಂತೂ ಇಲ್ಲವೇ ಇಲ್ಲ! ಮನುಷ್ಯ ತೆಗೆಯೋ ಗೇಟಾದ್ರೆ ಅವನು ಮೊದಲು ಸೈರನ್ ಹಾಕಬಹುದು, ಕೂಗಬಹುದು. ತಾನಾಗಿ ಶುರುವಾಗೋ ಸೈಫನ್‌ಗೆ ತಾನಾಗಿ ಕೂಗೋ ಸೈರನ್ನೇ ಬೇಕು, ಅದೂ ನೀರು ಅಂಚು ಮುಟ್ಟೋದಕ್ಕಿಂತ ಮುಂಚೆ.

ಎಲ್ಲಾ ಬಂದ್ ಮಾಡಿ ಅನ್ನೋದೂ ಪರಿಹಾರ ಅಲ್ಲ. ಬಂದ್ ಮಾಡಿದ್ರೆ ನಾವು ಬೋರ್ಡೇ ಇಲ್ಲದ ಇನ್ನೊಂದು ಕೆರೆ ಹುಡುಕ್ತೀವಿ. ಅಲ್ಲಿ ಮಣ್ಣು ತೆಗೆದ ಗುಂಡಿ ಎಲ್ಲಿದೆ ಅಂತ ಊರಿನ ಕುರಿ ಕಾಯೋರಿಗೆ ಗೊತ್ತು, ನಮಗೆ ಗೊತ್ತಿರಲ್ಲ. ಅದಕ್ಕಿಂತ ಅಮಾನಿಕೆರೆಯಂಥ ಜಾಗಗಳಲ್ಲಿ ಬೋಟಿಂಗ್ ವರ್ಷಪೂರ್ತಿ ಸರಿಯಾಗಿ ನಡೀಲಿ. ಊರ ಮಧ್ಯೆ ಇದೆ, ಪಾರ್ಕ್ ಇದೆ, ಪಕ್ಕದಲ್ಲೇ ಗಾಜಿನ ಮನೆ ಇದೆ. ಲೈಫ್ ಜಾಕೆಟ್ ಹಾಕಿದ್ರೆ ಫೋಟೋದಲ್ಲಿ ದಪ್ಪ ಕಾಣ್ತೀವಿ ಅನ್ನೋರನ್ನ ಬೋಟಿಗೆ ಹತ್ತಿಸದೇ ಇದ್ರೆ ಸಾಕು. (ನಮ್ಮ ಬ್ಯಾಚಲ್ಲೇ ನಾಲ್ಕು ಜನ ಇದ್ದಾರೆ, ಹೆಸರು ಹೇಳಲ್ಲ.) ಟೆಂಟ್ ಹಾಕೋರಿಗೆ ಒಂದೇ ಮಾತು: ಏರಿಯಿಂದ ದೂರ, ಎತ್ತರದ ಗಟ್ಟಿ ನೆಲದಲ್ಲಿ ಹಾಕಿ. ಹೊಳೆಯ ಒಣ ಮರಳು ಎಷ್ಟೇ ಮೆತ್ತಗಿದ್ರೂ ಅದು ನೀರಿನ ದಾರಿ.

ಸೈರನ್ ವಿಷಯಕ್ಕೆ ಬಂದ್ರೆ, ಇದು ರಾಕೆಟ್ ಸೈನ್ಸ್ ಅಲ್ಲ. ಒಂದು ಫ್ಲೋಟ್ ಸ್ವಿಚ್, ಬ್ಯಾಟರಿ, ಸೋಲಾರ್ ಪ್ಯಾನೆಲ್, ಹಾರ್ನ್, ಮೆಸೇಜ್ ಕಳಿಸೋಕೆ ಒಂದು ಜಿಎಸ್‌ಎಂ ಮಾಡ್ಯೂಲ್. ಮನೆಯ ಓವರ್‌ಹೆಡ್ ಟ್ಯಾಂಕಿಗೆ ಇದನ್ನೇ ಮಾಡಿ ಪ್ರತಿ ವರ್ಷ ಮಿನಿ ಪ್ರಾಜೆಕ್ಟ್ ಅಂತ ತೋರಿಸ್ತೀವಿ. ಅದೇ ಮಾಡೆಲನ್ನ ಈ ಸಲ ಸೈಫನ್‌ಗೆ ಮಾಡೋಣ, ಕೆಲಸ ಮಾಡಿದ್ರೆ ನೀರಾವರಿ ಇಲಾಖೆಯವರಿಗೆ ತೋರಿಸೋಣ. ಸರ್ಕ್ಯೂಟ್ ನಾನು ನೋಡ್ಕೋತೀನಿ. ಯಾವ ಮಟ್ಟದಲ್ಲಿ ಫ್ಲೋಟ್ ಕೂರಿಸಿದ್ರೆ ಕೆಳಗಿರೋರಿಗೆ ಮೇಲೆ ಹತ್ತೋಕೆ ಟೈಮ್ ಸಿಗುತ್ತೆ ಅಂತ ಲೆಕ್ಕ ಹಾಕೋಕೆ ಇಬ್ಬರು ಸಿವಿಲ್‌ನವರು ಬೇಕು. ಶುಕ್ರವಾರ ಕನ್ನಡ ಸಂಘದ ಮೀಟಿಂಗ್ ಮುಗಿದ ಮೇಲೆ ಸಿಗಿ.