ಪಟ್ಟಿಯ ಮೊದಲ ಹೆಸರು

ರೋಣ, ನರಗುಂದ, ಗಜೇಂದ್ರಗಡದ ಕಡೆ ಗುಡಿ ಕಟ್ಟುವುದಿರಲಿ, ಜಾತ್ರೆ ಮಾಡುವುದಿರಲಿ, ಮೊದಲು ಪಟ್ಟಿ ಎತ್ತುತ್ತಾರೆ. ಪಾವತಿ ಪುಸ್ತಕ ಹಿಡಿದು ನಾಲ್ಕು ಮಂದಿ ಹಿರಿಯರು ಬಾಗಿಲಿಗೆ ಬಂದರೆ ಮನೆಯವರು ಕೇಳುವುದು ಒಂದೇ: ‘ಮೊದಲ ಯಾರು ಬರಿಸ್ಯಾರ?’ ಆ ಹೆಸರು ತೂಕದ್ದಾದರೆ ಮಿಕ್ಕ ವಿವರ ಯಾರಿಗೂ ಬೇಡ. ಕೊಟ್ಟ ಹಣ ಆಮೇಲೆ ಮೈಕಿನಲ್ಲಿ ಹೆಸರು ಸಮೇತ ಊರಿಗೆಲ್ಲ ಕೇಳುತ್ತದೆ. ಮೊಬೈಲಿಗೆ ಬರುವ ಕ್ರೌಡ್‌ಫಂಡಿಂಗ್ ಮನವಿಯಲ್ಲಿ ಕಣ್ಣೀರಿನ ಕಥೆ ಇರುತ್ತದೆ, ಹಿನ್ನೆಲೆ ಸಂಗೀತವೂ ಇರುತ್ತದೆ. ‘ಮೊದಲ ಯಾರು ಬರಿಸ್ಯಾರ?’ ಎಂಬ ಪ್ರಶ್ನೆಗೆ ಉತ್ತರ ಮಾತ್ರ ಸಿಗುವುದು ಅಪರೂಪ. ಕಥೆ ಕರುಣೆ ಹುಟ್ಟಿಸೀತು. ನಂಬಿಕೆ ಹುಟ್ಟಬೇಕಾದರೆ ಕೇಳುವವನು ತನ್ನದೇನನ್ನಾದರೂ ಕೊಡುವವರ ಕೈಗೆಟುಕುವಂತೆ ಇಡಬೇಕು.

ಇದೇ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ಇದಕ್ಕೆ ಒಳ್ಳೆಯ ಸಾಕ್ಷಿ. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆಯೇ ನಿಯಮವಾಗಿತ್ತು: ಸಂಘ ಮುಳುಗಿದರೆ ಪ್ರತಿ ಸದಸ್ಯನ ಆಸ್ತಿಗೂ ಬಿಸಿ ತಟ್ಟುತ್ತಿತ್ತು. ಹಾಗಾಗಿ ಬಿತ್ತಲು ಸಾಲ ತೆಗೆದವನು ಅದನ್ನು ಮದುವೆಗೆ ಸುರಿದರೆ ಅದು ನೆರೆಯವನ ಚಿಂತೆಯೂ ಆಗುತ್ತಿತ್ತು. ಅಪರಿಚಿತರ ನಡುವೆ ಇಂಥ ಕಾವಲು ಸಾಧ್ಯವಿಲ್ಲವೆನ್ನಬಹುದು. ಆದರೆ 1885ರಲ್ಲಿ ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯ ಪೀಠಕ್ಕೆ ಹಣ ಸಾಲದಾದಾಗ ಜೋಸೆಫ್ ಪುಲಿಟ್ಜರ್ ಚಿಲ್ಲರೆ ಕಾಸು ಕೊಟ್ಟವರ ಹೆಸರನ್ನೂ ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಲಕ್ಷ ಡಾಲರ್ ದಾಟಿಸಿದ. ನಮ್ಮ ಜಾತ್ರೆಯ ಮೈಕು ಮಾಡುವುದೂ ಅದನ್ನೇ. 2013ರ ‘ಲೂಸಿಯಾ’ ಚಿತ್ರಕ್ಕೆ ನೂರಕ್ಕೂ ಹೆಚ್ಚು ಮಂದಿ ಸುಮಾರು ಅರ್ಧ ಕೋಟಿ ಹಾಕಿದರಲ್ಲ, ಅವರ ಮುಂದೆ ಅದರ ನಿರ್ದೇಶಕ ಪವನ್ ಕುಮಾರ್ ನಿರ್ದೇಶಿಸಿದ್ದ ಹಿಂದಿನ ಚಿತ್ರವಿತ್ತು, ಕೆಟ್ಟರೆ ಕೆಡುವ ಹೆಸರೂ ಇತ್ತು.

ಊರ ಪಟ್ಟಿಯನ್ನು ಹೀಗೆ ಹೊಗಳುವುದು ಅರ್ಧ ಸತ್ಯವೆಂಬ ಆಕ್ಷೇಪ ನ್ಯಾಯವಾದದ್ದೇ. ಮೈಕಿನ ಹೆಸರು ಬಡವನಿಗೆ ಮರ್ಯಾದೆಯ ಒತ್ತಾಯ. ಮೊದಲ ಹೆಸರು ಬರೆಸುವ ಅಧಿಕಾರ ಯಾವ ಜಾತಿಗೆ, ಯಾವ ಓಣಿಗೆ ಇರುತ್ತದೆಂಬುದು ಎಲ್ಲರಿಗೂ ಗೊತ್ತು. ಹಿರಿಯರ ಬೆಂಬಲವಿಲ್ಲದ ಗಜೇಂದ್ರಗಡದ ನೇಕಾರರ ಮಗಳೊಬ್ಬಳು ಚಿಕಿತ್ಸೆಗೆ ಹಣ ಕೇಳಲು ಮೊಬೈಲೇ ಹೆಚ್ಚು ಮುಕ್ತ ಜಾಗ. ಅಲ್ಲಿ ಹಿರಿಯರ ಜಾಗವನ್ನು ಕಾಗದ ತುಂಬಬೇಕು: ಆಸ್ಪತ್ರೆಯ ಅಂದಾಜು ಪತ್ರ, ಹಣ ನೇರ ಆಸ್ಪತ್ರೆಯ ಖಾತೆಗೆ, ಕೊನೆಗೆ ಬಿಲ್ಲು. ಹಣ ಕಳಿಸುವ ಅಮೆರಿಕದ ಕನ್ನಡ ಕುಟುಂಬ ಈ ಕಾಗದಗಳನ್ನು ಸಹಜವಾಗಿ ಕೇಳುತ್ತದೆ. ಊರಿನಲ್ಲಿ ಲೆಕ್ಕ ಕೇಳಿದರೆ ‘ನಮ್ಮ ಮ್ಯಾಲ ಸಂಶಯ ಏನು?’ ಎಂದು ಹಿರಿಯರ ಮುಖ ಸಪ್ಪಗಾಗುತ್ತದೆ. ಊರ ಹಣ ಕೆಡುವುದೂ ಹೆಚ್ಚಾಗಿ ಈ ಸಂಕೋಚದಲ್ಲೇ. ಹಳ್ಳಿಯ ಪುಸ್ತಕದಲ್ಲಿ ಜಮಾ, ಖರ್ಚು, ಶಿಲ್ಕು ಎಂಬ ಮೂರು ಅಂಕಣಗಳು ಇರುತ್ತವೆ, ಓದುವವರು ಇರುವುದಿಲ್ಲ. ಮೊಬೈಲಿನ ಪುಟದಲ್ಲಿ ಓದುವವರು ಸಾವಿರಾರು, ಆದರೆ ದಪ್ಪಕ್ಷರದಲ್ಲಿ ಕಾಣುವುದು ಜಮಾ ಒಂದೇ.