ಪ್ರಯೋಗಕ್ಕೆ ದಲ್ಲಾಳಿ ಬೇಕಿಲ್ಲ

ಮೊನ್ನೆ ಸಂಜೆ ಮಂಡಿಪೇಟೆಯ ಕಿರಾಣಿ ಅಂಗಡಿಯವರೊಬ್ಬರು ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಮಡಿಸಿ ಮಡಿಸಿ ಹರಿದುಹೋದ ಪೇಪರ್ ಕಟಿಂಗು. "ವೆಲ್ಲೂರಾಗೆ ಕುಸುಮರೋಗಕ್ಕೆ ಹೊಸ ಔಷಧಿ ಬಂದೈತಂತೆ ಸಾರ್. ಪ್ರಯೋಗಕ್ಕೆ ಸೇರಿಸ್ತೀನಿ, ಎರಡು ಲಕ್ಷ ರೊಕ್ಕ ಹೊಂದಿಸ್ಕೊಂಡು ಬಾ ಅಂತ ಒಬ್ಬ ಹೇಳ್ಯಾನೆ. ಕೊಡಬೋದಾ?" ಎಂದರು. ಅವರ ಮಗನಿಗೆ ಹನ್ನೊಂದು ವರ್ಷ. ಮೊಣಕಾಲು ಊದಿಕೊಂಡರೆ ಆ ವಾರ ಹುಡುಗನಿಗೆ ಶಾಲೆ ಇಲ್ಲ, ಅಪ್ಪನಿಗೆ ಅಂಗಡಿ ಇಲ್ಲ.

ಕೊಡಬೇಡಿ ಎಂದೆವು. ಯಾಕೆ ಎಂಬುದು ಅವರೊಬ್ಬರಿಗೇ ತಿಳಿದರೆ ಸಾಲದು.

ಕುಸುಮರೋಗವೆಂದರೆ ಹಿಮೋಫಿಲಿಯಾ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಹುಟ್ಟಿನಿಂದಲೇ ಕಡಿಮೆ. ಎಂಟನೇ ಅಂಶ ಕಡಿಮೆಯಿದ್ದರೆ 'ಎ', ಒಂಬತ್ತನೆಯದು ಕಡಿಮೆಯಿದ್ದರೆ 'ಬಿ'. ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ 'ಎ' ಬರುತ್ತದೆ. 'ಬಿ' ಇನ್ನೂ ಅಪರೂಪ. ಬಿದ್ದು ಗಾಯವಾಗಬೇಕೆಂದೇನೂ ಇಲ್ಲ, ಕೀಲಿನೊಳಗೆ ತಾನಾಗಿಯೇ ರಕ್ತ ಸೋರುತ್ತದೆ. ಮತ್ತೆ ಮತ್ತೆ ಸೋರಿದರೆ ಕೀಲೇ ಹಾಳಾಗುತ್ತದೆ. ಆ ಅಂಶವನ್ನು ಹೊರಗಿನಿಂದ ಇಂಜೆಕ್ಷನ್ ಕೊಡುವುದು ಹಳೆಯ ದಾರಿ. ಅದರ ಪ್ರಭಾವ ಕೆಲವು ದಿನ ಮಾತ್ರ. ಹೀಗಾಗಿ "ಒಂದೇ ಸಲಕ್ಕೆ ವಾಸಿ" ಎಂಬ ಮಾತು ಕಿವಿಗೆ ಬಿದ್ದರೆ ತಂದೆತಾಯಿ ಓಡಿಹೋಗುವುದರಲ್ಲಿ ತಪ್ಪೇನಿಲ್ಲ.

ವೆಲ್ಲೂರಿನ ಸುದ್ದಿ ಸುಳ್ಳಲ್ಲ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ತೀವ್ರ ಹಿಮೋಫಿಲಿಯಾ 'ಎ' ಇದ್ದ ಐದು ಮಂದಿಗೆ ಜೀನ್ ಚಿಕಿತ್ಸೆ ಕೊಟ್ಟರು. ಅದರ ವರದಿ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅವರವರ ರಕ್ತದ ಮೂಲಕೋಶಗಳನ್ನೇ ಹೊರತೆಗೆದು, ಸರಿಯಾದ ಜೀನ್ ಸೇರಿಸಿ, ಮತ್ತೆ ದೇಹಕ್ಕೆ ಬಿಟ್ಟರು. ವರದಿಯ ಹೊತ್ತಿಗೆ ಐವರಲ್ಲೂ ರಕ್ತಸ್ರಾವದ ಲೆಕ್ಕ ಸೊನ್ನೆ. ಈ ಕೆಲಸದಲ್ಲಿ ಕೈಹಾಕಿದ ವೆಲ್ಲೂರಿನ ಮೂಲಕೋಶ ಸಂಶೋಧನಾ ಕೇಂದ್ರವು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗ. ಕನ್ನಡಿಗರೂ ಹೆಮ್ಮೆಪಡಬಹುದು.

ಆದರೆ ಪೇಪರ್ ಕಟಿಂಗಿನಲ್ಲಿ ಅಂಗಡಿಯವರು ಓದದೆ ಬಿಟ್ಟ ಸಾಲುಗಳಿವೆ. ಆ ಐವರೂ 22ರಿಂದ 41 ವರ್ಷದವರು, ಹುಡುಗರಲ್ಲ. ಹೊಸ ಕೋಶಗಳಿಗೆ ಜಾಗ ಮಾಡಲು ಮೊದಲು ಕೀಮೋಥೆರಪಿ ಕೊಡಬೇಕಾಯಿತು; ಅದು ಹಗುರ ಚಿಕಿತ್ಸೆಯಲ್ಲ. ಅದು ಮೊದಲ ಹಂತದ ಪ್ರಯೋಗ. ಕೌಂಟರಿನಲ್ಲಿ ಚೀಟಿ ಕೊಟ್ಟು ಕೊಳ್ಳುವ ಔಷಧಿ ಅದಲ್ಲ.

ಹಾಗಾದರೆ ಪ್ರಯೋಗ ಹುಡುಕುವುದು ಹೇಗೆ? ಮೊದಲು ಕೈಯಲ್ಲಿ ಕಾಗದಪತ್ರ ಇರಬೇಕು: ರೋಗ 'ಎ'ಯೋ 'ಬಿ'ಯೋ, ಅಂಶ ಶೇಕಡಾ ಎಷ್ಟು, ಕೊಟ್ಟ ಅಂಶವನ್ನೇ ದೇಹ ಎದುರಿಸುವ 'ಇನ್ಹಿಬಿಟರ್' ಇದೆಯೋ ಇಲ್ಲವೋ. ಶೇಕಡಾ ಒಂದಕ್ಕಿಂತ ಕಡಿಮೆಯಿದ್ದರೆ ತೀವ್ರ ಎನ್ನುತ್ತಾರೆ. ಪ್ರಯೋಗದವರು ಮೊದಲು ಕೇಳುವುದೇ ಇದನ್ನು. ಬರೀ "ರಕ್ತದ ಕಾಯಿಲೆ" ಎಂದರೆ ಬಾಗಿಲಲ್ಲೇ ವಾಪಸ್.

ಎರಡನೆಯದು ಸರ್ಕಾರದ ಪಟ್ಟಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರಲ್ಲಿ ಆರಂಭಿಸಿದ ಈ ಪ್ರಯೋಗಗಳ ದಾಖಲೆಗೆ ಸಿಟಿಆರ್‌ಐ ಎಂದು ಹೆಸರು. 2009ರ ಜೂನ್‌ನಿಂದ ದೇಶದಲ್ಲಿ ಔಷಧಿ ಪ್ರಯೋಗ ಮಾಡುವವರು ಇಲ್ಲಿ ನೋಂದಾಯಿಸುವುದು ಕಡ್ಡಾಯ. ಯಾವ ಊರು, ಯಾವ ಆಸ್ಪತ್ರೆ, ಎಷ್ಟು ವಯಸ್ಸಿನವರು, ಯಾರು ಬೇಡ, ಯಾವ ಡಾಕ್ಟರನ್ನು ಕೇಳಬೇಕು, ಇನ್ನೂ ಜನರನ್ನು ಸೇರಿಸಿಕೊಳ್ಳುತ್ತಿದ್ದಾರೋ ಮುಗಿಸಿದ್ದಾರೋ, ಎಲ್ಲ ಅಲ್ಲಿರುತ್ತದೆ. ನೋಡಲು ಒಂದು ಪೈಸೆಯೂ ಬೇಡ, ಮೊಬೈಲಿನಲ್ಲೇ ಸಿಗುತ್ತದೆ. ದಲ್ಲಾಳಿ ಹೇಳಿದ ಪ್ರಯೋಗಕ್ಕೆ ಸಿಟಿಆರ್‌ಐ ನಂಬರ್ ಕೇಳಿ. ನಂಬರ್ ಇಲ್ಲದಿದ್ದರೆ ಎದ್ದು ಬನ್ನಿ. ನಂಬರ್ ಇದ್ದರೂ ಅದರಲ್ಲಿರುವ ಡಾಕ್ಟರನ್ನು ನೇರವಾಗಿ ಕೇಳಿ.

ಮೂರನೆಯದು ಕಾನೂನು. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ನೀತಿ ಸಮಿತಿಯ ಒಪ್ಪಿಗೆ ಇರಬೇಕು. ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಸಹಿ ಪಡೆಯಬೇಕು, ಅದರ ಪ್ರತಿಯನ್ನು ನಿಮ್ಮ ಕೈಗೆ ಕೊಡಬೇಕು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು. ಬೇಡವೆನಿಸಿದರೆ ನಡುವೆಯೇ ಬಿಡಬಹುದು. ಸಂಶೋಧನೆಯ ಖರ್ಚನ್ನು ಭಾಗವಹಿಸಿದವರ ಮೇಲೆ ಹೊರಿಸಬಾರದೆಂದು ಸಂಶೋಧನಾ ಮಂಡಳಿಯ ಮಾರ್ಗಸೂಚಿಯೂ ಹೇಳುತ್ತದೆ. ಅಂಗಡಿಯವರಿಗೆ ಅಂಗಡಿ ಭಾಷೆಯಲ್ಲೇ ಹೇಳಿದೆವು: ರೊಕ್ಕ ಕೇಳಿದರೆ ಅದು ಪ್ರಯೋಗವಲ್ಲ, ವ್ಯಾಪಾರ. ಅದೂ ತೂಕವಿಲ್ಲದ ವ್ಯಾಪಾರ.

ಇಷ್ಟಾದರೂ ದೂರು ಉಳಿದೇ ಇದೆ. ಸಿಟಿಆರ್‌ಐ ವಿವರವೆಲ್ಲ ಇಂಗ್ಲಿಷಿನಲ್ಲಿ, ಅದೂ ಡಾಕ್ಟರ ಇಂಗ್ಲಿಷಿನಲ್ಲಿ. ಹರಿಹರದ ಬಸ್ಸಿನಲ್ಲಿ ಮಗುವನ್ನು ತೊಡೆಮೇಲೆ ಕೂರಿಸಿಕೊಂಡು ಬರುವ ತಾಯಿ ಅದನ್ನು ಓದುವುದು ಹೇಗೆ? ಹೊರರೋಗಿಗಳ ಸಾಲು ನೋಡುವ ಸರ್ಕಾರಿ ಡಾಕ್ಟರಿಗೆ ಕೂತು ಹುಡುಕಿಕೊಡುವಷ್ಟು ಪುರಸೊತ್ತಿಲ್ಲ. ಈ ಸಂದಿಯಲ್ಲೇ ದಲ್ಲಾಳಿ ನುಸುಳುವುದು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಒಬ್ಬ ನೌಕರ ಕೂತು, ಪಟ್ಟಿ ತೆಗೆದು ಕನ್ನಡದಲ್ಲಿ ಓದಿ ಹೇಳಿದರೆ ಸಾಕು. ಇದಕ್ಕೆ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆಗೆ ಮಂತ್ರಿಗಳೂ ಬೇಡ. ಒಂದು ಮೇಜು, ಒಂದು ಕುರ್ಚಿ, ಒಂದು ಕಂಪ್ಯೂಟರು. ಆರೋಗ್ಯ ಇಲಾಖೆಯವರು ಇಷ್ಟನ್ನೂ ಮಾಡಲಾರರೇ?

ಅಲ್ಲಿಯವರೆಗೆ ನಮ್ಮೂರಿನವರಿಗೆ ಒಂದು ಅನುಕೂಲ ಉಂಟು. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದೇ ಈ ದಾವಣಗೆರೆಯಲ್ಲಿ. ದಲ್ಲಾಳಿಯ ಬಳಿ ಹೋಗುವ ಮುಂಚೆ ಅಲ್ಲಿಗೆ ಹೋಗಿ ಕೇಳಿ. ಪ್ರಯೋಗ ಸಿಗುತ್ತದೆಂದು ಕಾಯುತ್ತಾ ಈಗ ಕೊಡುತ್ತಿರುವ ಇಂಜೆಕ್ಷನ್ ಮಾತ್ರ ನಿಲ್ಲಿಸಬೇಡಿ. ನಾಳೆ ಎಂಥ ಚಿಕಿತ್ಸೆ ಬಂದರೂ, ಇವತ್ತು ಕೆಟ್ಟ ಕೀಲು ಮೊದಲಿನಂತಾಗುವುದು ಕಷ್ಟ.

ಅಂಗಡಿಯವರು ಕಟಿಂಗು ಮಡಿಸಿ ಜೇಬಿಗಿಟ್ಟುಕೊಂಡರು. "ಹಂಗಾರೆ ನನ್ನ ಮಗ ದೊಡ್ಡೋನಾಗೋವರ್ಗೂ ಕಾಯಬೇಕಾ?" ಎಂದರು. ಮಕ್ಕಳಿಗಾಗಿಯೇ ಬೇರೆ ಪ್ರಯೋಗ ಬರಬಹುದು, ತಿಂಗಳಿಗೊಮ್ಮೆ ಪಟ್ಟಿ ನೋಡಿಸುತ್ತಿರಿ ಎಂದೆವು. ನೋಡಿಸಲು ಯಾರ ಹತ್ತಿರ ಹೋಗಬೇಕು ಎಂಬ ಅವರ ಮುಂದಿನ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಜಿಲ್ಲಾ ಆರೋಗ್ಯಾಧಿಕಾರಿಗಳು.