ಬೆಸುಗೆಯ ಬದಿಯ ಬಿರುಕು

ಹೊಸದಾಗಿ ಪಿಕಪ್ ವಾಹನವನ್ನು ಕೊಂಡವರಿಗೆ ಕೆಲವೇ ದಿನಗಳಲ್ಲಿ ಅದಕ್ಕೊಂದು ಏಣಿ, ಹಿಂಬದಿಗೊಂದು ಕೊಕ್ಕೆ, ಪಕ್ಕಕ್ಕೊಂದು ಪೆಟ್ಟಿಗೆ ಬೇಕೆನಿಸುವುದು ಸಹಜ. ವೆಲ್ಡಿಂಗ್ ಅಂಗಡಿಯವನು, “ಐದು ನಿಮಿಷದ ಕೆಲಸ ಸ್ವಾಮಿ, ಚಾಸಿಸ್ಸಿಗೇ ಹಚ್ಚಿಬಿಡುತ್ತೇನೆ, ಬೋಲ್ಟಿಗಿಂತ ಗಟ್ಟಿ” ಎನ್ನುತ್ತಾನೆ. ಯಜಮಾನರು ತಲೆದೂಗುತ್ತಾರೆ. ಬೆಸುಗೆಯೇನೋ ಗಟ್ಟಿಯಾಗಿರಬಹುದು, ಅದರ ಬದಿಯಲ್ಲಿರುವ ಉಕ್ಕಿನ ಗತಿಯೇನು?

ಚಾಸಿಸ್ ವಾಹನದ ಬೆನ್ನೆಲುಬು. ಹೇರು ಬಿದ್ದಾಗ, ಹಳ್ಳವನ್ನು ಇಳಿದು ಹತ್ತುವಾಗ, ಅದು ಕಣ್ಣಿಗೆ ಕಾಣದಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಆಗ ಎಳೆತ ಮತ್ತು ಒತ್ತಡಗಳ ಬಹುಪಾಲನ್ನು ಹೊರುವುವು ಅದರ ಮೇಲಿನ ಮತ್ತು ಕೆಳಗಿನ ಅಂಚುಗಳು. ಆ ಅಂಚಿನ ಮೇಲೆಯೇ ಬೆಸುಗೆ ಬಿದ್ದರೆ, ಕಾಯಿಸಿ ತಣಿಸಿ ಹದಗೊಳಿಸಿದ ಉಕ್ಕು ಹದಗೆಡುತ್ತದೆ. ತಣಿಯುತ್ತ ಕುಗ್ಗಿದ ಬೆಸುಗೆಯು ನೆರೆಯ ಲೋಹವನ್ನು ಸದಾ ಜಗ್ಗುತ್ತಲೇ ಇರುತ್ತದೆ. ಬೆಸುಗೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕೊಂದು ಹುಟ್ಟಿದರೆ, ಪ್ರತಿಯೊಂದು ಕುಲುಕಾಟವೂ ಅದನ್ನು ಇಷ್ಟಿಷ್ಟೇ ಬೆಳೆಸುತ್ತದೆ. ಹಿಂದೆ ಮುಂದೆ ಬಾಗಿಸಿದ ತಂತಿ ಕೊನೆಗೆ ತುಂಡಾಗುವುದನ್ನು ಮಕ್ಕಳೂ ಬಲ್ಲರು.

ಇದು ಬರಿಯ ಅಂಜಿಕೆಯ ಮಾತಲ್ಲ. ಉತ್ತರ ಸಮುದ್ರದಲ್ಲಿ ತೈಲ ಕಾರ್ಮಿಕರ ವಸತಿಗೆಂದು ‘ಅಲೆಕ್ಸಾಂಡರ್ ಕೀಲಾಂಡ್’ ಎಂಬ ನಾರ್ವೆಯ ತೇಲುಕಟ್ಟೆಯೊಂದಿತ್ತು. ಅದಕ್ಕೆ ಐದು ಕಾಲುಗಳು. ಕಾಲುಗಳನ್ನು ಬಿಗಿದಿದ್ದ ಭಾರಿ ಉಕ್ಕಿನ ಕೊಳವೆಗಳಲ್ಲೊಂದಕ್ಕೆ, ನೀರೊಳಗಿನ ಸದ್ದನ್ನು ಆಲಿಸುವ ಉಪಕರಣಕ್ಕಾಗಿ ಪುಟ್ಟ ಆಸರೆಯೊಂದನ್ನು ಬೆಸೆದಿದ್ದರು. ಆ ಕಳಪೆ ಬೆಸುಗೆಯಿಂದ ಬಿರುಕು ಹೊರಟಿತು. 1980ರ ಮಾರ್ಚ್ 27ರ ಸಂಜೆ, ಬಿರುಗಾಳಿಯ ನಡುವೆ ಆ ಕೊಳವೆ ಮುರಿಯಿತು, ಉಳಿದವೂ ಮುರಿದು ಒಂದು ಕಾಲೇ ಕಳಚಿಹೋಯಿತು, ಕಟ್ಟೆ ಮಗುಚಿತು. ಅದರಲ್ಲಿದ್ದ 212 ಮಂದಿಯಲ್ಲಿ 123 ಮಂದಿ ಮಡಿದರು. ಆ ಆಸರೆ ಹೊತ್ತಿದ್ದ ಭಾರ ಅತ್ಯಲ್ಪ. ಕೇಡು ಭಾರದಲ್ಲಿರಲಿಲ್ಲ, ಬೆಸುಗೆಯಲ್ಲಿತ್ತು.

ಹಾಗೆಂದು ಬೆಸುಗೆಯೇ ಬೇಡವೆಂದಲ್ಲ. ಚಾಸಿಸ್‌ಗಳನ್ನು ಕಾರ್ಖಾನೆಗಳಲ್ಲಿಯೂ ಬೆಸೆಯುತ್ತಾರೆ. ಆದರೆ ಅಲ್ಲಿ ಸ್ಥಳ, ಶಾಖ, ಲೋಹ ಎಲ್ಲವೂ ಮೊದಲೇ ಗೊತ್ತುಮಾಡಿದವು. ವಾಹನದೊಂದಿಗೆ ಬಂದ ಕೈಪಿಡಿಯನ್ನು ಓದಬೇಕು; ತಯಾರಕರು ಮೊದಲೇ ಕೊರೆದಿಟ್ಟ ತೂತುಗಳಿದ್ದರೆ ಅವುಗಳಿಗೆ ಬೋಲ್ಟು ಹಾಕಿಸಬೇಕು; ಅಂಚುಗಳಲ್ಲಿ ಹೊಸ ತೂತನ್ನೂ ಕೊರೆಸಬಾರದು. ಬೆಸೆಯಲೇಬೇಕಾದರೆ ತಯಾರಕರ ಸೂಚನೆಯಂತೆ, ಬ್ಯಾಟರಿಯ ತಂತಿಗಳನ್ನು ಬಿಚ್ಚಿ, ಇಂಧನದ ಮತ್ತು ಬ್ರೇಕಿನ ಕೊಳವೆಗಳಿಗೆ ಕಿಡಿ ತಾಗದಂತೆ, ಬಲ್ಲವರಿಂದಲೇ ಮಾಡಿಸಬೇಕು.

ಹಿಂದೆ ಮೂಟೆಗಳಿರಬಹುದು, ಮುಂದೆ ಕುಳಿತವರು ಮನೆಯ ಮಂದಿ. ಐದು ನಿಮಿಷದ ಕೆಲಸಕ್ಕೆ ಒಪ್ಪುವ ಮೊದಲು ಯಜಮಾನರು ಇಷ್ಟನ್ನು ನೆನೆದರೆ ಸಾಕು.